ಗುಬ್ಬಿ ಅಳಿಸಿದ ಸಾಲು

ಮಾರ್ಚ್ ಹನ್ನೊಂದು, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಆಸ್ಪತ್ರೆಯ ಆಡಳಿತಾಧಿಕಾರಿ ಠಾಣೆಗೆ ಬಂದರು. ಕೈಯಲ್ಲಿದ್ದ ದೂರು ಟೈಪಾಗಿ, ಸಹಿಯಾಗಿ, ಮೊಹರೂ ಬಿದ್ದು ಸಿದ್ಧವಾಗಿತ್ತು. ಇಷ್ಟು ಅಚ್ಚುಕಟ್ಟಾದ ದೂರು ಕಂಡರೆ ಇನ್ಸ್‌ಪೆಕ್ಟರ್‌ಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಿಜವಾಗಿ ನೊಂದವರು ಬಿಳಿ ಹಾಳೆ ಕೇಳುತ್ತಾರೆ, ಪೆನ್ನು ಕೇಳುತ್ತಾರೆ, ಎರಡು ಸಾಲು ಬರೆದು ಹೊಡೆದುಹಾಕಿ ಇನ್ನೊಂದು ಹಾಳೆ ಕೇಳುತ್ತಾರೆ. ಟೈಪ್ ಮಾಡಿಸಿಕೊಂಡು ಬರುವವರು ಬಹಳ ಸಲ ಮೊದಲೇ ಕೈ ತೊಳೆದುಕೊಂಡು ಬಂದಿರುತ್ತಾರೆ.

ದೂರಿನಲ್ಲಿದ್ದದ್ದು ಇಷ್ಟು. ಭಾನುವಾರ ಸಂಜೆ ಹೆರಿಗೆಯಾದ ಹೆಂಗಸೊಬ್ಬಳಿಗೆ ರಕ್ತಸ್ರಾವ ನಿಲ್ಲಲಿಲ್ಲ. ಆಸ್ಪತ್ರೆಯ ಬ್ಲಡ್ ಬ್ಯಾಂಕಿಗೆ ಓಡಿ ನೋಡಿದರೆ ಫ್ರಿಜ್ ಕೆಟ್ಟು ನಿಂತಿತ್ತು. ಒಳಗಿದ್ದ ರಕ್ತದ ಚೀಲಗಳೆಲ್ಲ ಹಾಳಾಗಿದ್ದವು. ಊರಿನ ಆಚೆ ತುದಿಯ ಇನ್ನೊಂದು ಆಸ್ಪತ್ರೆಯಿಂದ ರಕ್ತ ಬರುವಷ್ಟರಲ್ಲಿ ಆಕೆ ತೀರಿಕೊಂಡಿದ್ದಳು. ಮಗು ಉಳಿದಿತ್ತು. ಫ್ರಿಜ್ ಬೆಚ್ಚಗಾದರೆ ಹೊಡೆಯಬೇಕಿದ್ದ ಅಲಾರಂ ಹೊಡೆದಿರಲಿಲ್ಲ. ಆದ್ದರಿಂದ ಕರ್ತವ್ಯದಲ್ಲಿದ್ದ ಟೆಕ್ನೀಷಿಯನ್ನೇ ಅದನ್ನು ಆಫ್ ಮಾಡಿದ್ದಾನೆ, ಆತನ ಮೇಲೆ ಕ್ರಮ ಜರುಗಿಸಬೇಕು.

"ಆಫ್ ಮಾಡಿದ್ದನ್ನ ಯಾರು ನೋಡಿದ್ರು?"

"ನೋಡಿದವರಿಲ್ಲ ಮೇಡಂ. ಆದ್ರೆ ಹೊಡೀಲಿಲ್ಲವಲ್ಲ."

"ಅಲಾರಮ್ಮೇ ಕೆಟ್ಟಿರಬಹುದು."

"ಹೊಸದು. ಕಂಪ್ಯೂಟರಿಂದು."

ಕಂಪ್ಯೂಟರಿಂದು ಎಂದ ಮೇಲೆ ಮಾತು ಮುಗಿಯಿತು ಎನ್ನುವಂತೆ ಅವರು ಕೈಕಟ್ಟಿ ಕೂತರು. ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು.

ಇನ್ಸ್‌ಪೆಕ್ಟರ್ ಟೋಪಿ ತೆಗೆದುಕೊಂಡು ಎದ್ದಳು. ಹೆರಿಗೆಯಾದವಳು ಸತ್ತಳು ಎಂಬ ಮಾತಿಗೆ ಅವಳ ಎದೆಯಲ್ಲಿ ಏನಾದರೂ ಆಗಬೇಕಿತ್ತು. ಆಗಲಿಲ್ಲ. ಎರಡು ತಿಂಗಳ ಹಿಂದೆ ಅವಳ ಅಣ್ಣ ತೀರಿಕೊಂಡಿದ್ದ. ಅವಳು ಅತ್ತಿರಲಿಲ್ಲ, ನಾಲ್ಕನೇ ದಿನ ಡ್ಯೂಟಿಗೆ ಹಾಜರಾಗಿದ್ದಳು. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಇರುತ್ತದಲ್ಲ, ಹಾಗಾಗಿತ್ತು ಅವಳಿಗೆ ಅವಳೇ. ದಿನಾ ಮಧ್ಯಾಹ್ನ ಅತ್ತಿಗೆ ಫೋನ್ ಮಾಡಿ "ಊಟ ಆಯ್ತಾ?" ಎನ್ನುತ್ತಿದ್ದಳು. ಇವಳು "ಆಯ್ತು ಅತ್ತಿಗೆ" ಎಂದು ಇಡುತ್ತಿದ್ದಳು. ಆಗಿರುತ್ತಿತ್ತೋ ಇಲ್ಲವೋ, ಉತ್ತರ ಮಾತ್ರ ಅದೇ.

ಬ್ಲಡ್ ಬ್ಯಾಂಕ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಕ್ಯಾಂಟೀನಿನವನೊಬ್ಬ, ಎದುರಿನ ಔಷಧದ ಅಂಗಡಿಯವನೊಬ್ಬ, ಹೀಗೆ ಇಬ್ಬರು ಪಂಚರನ್ನು ಕರೆಸಿ ಹನ್ನೆರಡೂಕಾಲಕ್ಕೆ ಪಂಚನಾಮೆ ಶುರು ಮಾಡಿದರು. ಗಾಜಿನ ಬಾಗಿಲಿನ ದೊಡ್ಡ ಫ್ರಿಜ್. ಪಕ್ಕದ ಗೋಡೆಗೆ ಅಂಗೈಯಗಲದ ಒಂದು ಪರದೆ. ಅಲಾರಂ ಗುಂಡಿಯ ಮೇಲೆ ಪ್ಲಾಸ್ಟಿಕ್ ಮುಚ್ಚಳ, ಮುಚ್ಚಳಕ್ಕೆ ಕಾಗದದ ಸೀಲು. ಸೀಲು ಹರಿದಿರಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ಕೈಯಿಟ್ಟ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಈತನಿಗೆ ಬಾಯಿ ಸುಮ್ಮನಿದ್ದರೆ ಕೈ ಓಡುತ್ತಿರಲಿಲ್ಲ.

"ಮೇಡಂ, ಒಳಗೆ ನಮ್ಮ ಠಾಣೆ ತರಾನೇ ಬೆಚ್ಚಗಿದೆ. ಈ ಪುಣ್ಯಾತ್ಮ ನೋಡಿದ್ರೆ ನಾಲ್ಕು ಡಿಗ್ರಿ ಅಂತಿದ್ದಾನೆ."

ಪುಣ್ಯಾತ್ಮ ಎಂದರೆ ಗೋಡೆಯ ಪರದೆ. ಫ್ರಿಜ್ ಸತ್ತು ಒಂದು ದಿನದ ಮೇಲಾಗಿ, ಬಾಗಿಲು ಹಾರುಹೊಡೆದಿದ್ದರೂ ಅದರ ಮೇಲೆ 4.0 ಎಂಬ ಹಸಿರು ಅಂಕಿ ತಣ್ಣಗೆ ಕೂತಿತ್ತು. ಪರದೆ ನಾಲ್ಕು ಎನ್ನುವ ತನಕ ಅಲಾರಂ ಯಾಕೆ ಹೊಡೆದೀತು? ಇನ್ಸ್‌ಪೆಕ್ಟರ್ ಹತ್ತು ನಿಮಿಷ ಅದರ ಮುಂದೆ ನಿಂತಳು. ಅಂಕಿ ಅಲ್ಲಾಡಲಿಲ್ಲ. ಪಂಚರಿಬ್ಬರಿಗೂ ತೋರಿಸಿ ಪಂಚನಾಮೆಯಲ್ಲಿ ಬರೆಸಿದಳು.

ಟೆಕ್ನೀಷಿಯನ್ ಮೂವತ್ತರ ಆಸುಪಾಸಿನವನು. ರಾತ್ರಿಯಿಡೀ ನಿದ್ದೆಯಿಲ್ಲದೆ ಕಣ್ಣು ಊದಿದ್ದವು.

"ಅಲಾರಂ ಮುಟ್ಟಿದ್ರಾ?"

"ಇಲ್ಲ ಮೇಡಂ."

"ಫ್ರಿಜ್ ಒಳಗೆ ಗಾಜಿನ ಥರ್ಮಾಮೀಟರ್ ನೇತುಹಾಕಿದೆ. ದಿನಕ್ಕೆರಡು ಸಲ ಅದನ್ನ ನೋಡ್ಬೇಕು ಅಂತ ನಿಯಮ ಇದೆ. ನೋಡಿದ್ರಾ?"

"ಪರದೆ ಬಂದ ಮೇಲೆ ಯಾರೂ ನೋಡಲ್ಲ ಮೇಡಂ. ಪರದೆ ಮೇಲಿದ್ದಿದ್ದನ್ನೇ ಬರ್ಕೋತೀವಿ."

ಆ ಒಂದು ಮಾತು ಅವನಿಗೆ ಮುಳುವಾಯಿತು. ಮಂಗಳವಾರ ಮಧ್ಯಾಹ್ನ ಮೇಲಿನವರ ಫೋನು ಬಂತು: ಪೇಪರಿನವರು ಕೇಳುತ್ತಿದ್ದಾರೆ, ಯಾರನ್ನಾದರೂ ಬಂಧಿಸಿ. ಕರ್ತವ್ಯಲೋಪದಿಂದ ಸಾವಿಗೆ ಕಾರಣನಾದ ಆರೋಪದ ಮೇಲೆ ಅವನನ್ನು ಬಂಧಿಸಿ ಜೈಲಿಗೆ ಕಳಿಸಲಾಯಿತು. ಸಾಬೀತಾದರೆ ವರ್ಷಗಟ್ಟಲೆ ಶಿಕ್ಷೆ, ಕೆಲಸವಂತೂ ಹೋದಂತೆಯೇ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದ ಹೆಡ್.

"ಎತ್ತು ಯಾವುದು ಅಂತ ಗೊತ್ತಾಗೋ ತನಕ ಎಮ್ಮೇನೇ," ಎಂದಳು ಇನ್ಸ್‌ಪೆಕ್ಟರ್. ಹೇಳಿದ ಮೇಲೆ ಅವಳಿಗೇ ಆ ಮಾತು ಹಿಡಿಸಲಿಲ್ಲ.

ಅವತ್ತಿನಿಂದ ಟೆಕ್ನೀಷಿಯನ್ನನ ಅಕ್ಕ ಠಾಣೆಯ ಬೆಂಚಿನ ಮೇಲೆ ಬಂದು ಕೂರತೊಡಗಿದಳು. ಹೊಲಿಗೆ ಕೆಲಸದವಳು, ತೊಡೆಯ ಮೇಲೆ ಚೀಲ, ಚೀಲದಲ್ಲಿ ತಮ್ಮನ ಒಗೆದ ಅಂಗಿ. ಇಲ್ಲಿ ಕೂತರೆ ಪ್ರಯೋಜನವಿಲ್ಲ, ಅವನು ಜೈಲಿನಲ್ಲಿದ್ದಾನೆ ಎಂದು ಹೆಡ್ ಹೇಳಿನೋಡಿದ.

"ಬೇರೆ ಎಲ್ಲಿ ಕೂರ್ಲಿ ಹೇಳಿ," ಎಂದಳು ಅವಳು.

ಬುಧವಾರ, ಹದಿಮೂರು. ಪರದೆಯ ಪ್ರೋಗ್ರಾಂ ಮಾಡಿಕೊಟ್ಟಿದ್ದವಳ ಆಫೀಸು ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ. ಮೂರು ಮೇಜು, ಒಂದು ಫ್ಯಾನು. ಪ್ರೋಗ್ರಾಂನವಳು ನಡುವಯಸ್ಸಿನ ಗಟ್ಟಿ ಹೆಂಗಸು. ಪೊಲೀಸರು ಬರುತ್ತಾರೆಂದು ಕಾದೇ ಇದ್ದವಳಂತೆ ಎರಡು ಕುರ್ಚಿ ಒರೆಸಿಟ್ಟಿದ್ದಳು.

"ಬರೆದಿದ್ದು ನೀವೇನಾ?"

"ಬರೆಸಿದ್ದು ನಾನು. ಬರೆದಿದ್ದು ಮಗ್ಗ."

"ಮಗ್ಗ ಅಂದ್ರೆ?"

"ಅದೂ ಒಂದು ಪ್ರೋಗ್ರಾಮ್ಮೇ ಮೇಡಂ. ನಮಗೇನು ಬೇಕು ಅಂತ ಮಾತಲ್ಲಿ ಹೇಳಿದ್ರೆ, ಬೇಕಾದ ಪ್ರೋಗ್ರಾಂ ಅದೇ ನೇಯ್ದು ಕೊಡುತ್ತೆ. ಯಾವ ಕಂಪನಿದೂ ಅಲ್ಲ. ನಾನಾ ದೇಶದವರು ಬಿಡುವಿದ್ದಾಗ ಸೇರಿ ಕಟ್ಟಿರೋದು. ಒಳಗಿರೋದೆಲ್ಲ ಬಯಲಲ್ಲೇ ಇದೆ. ಯಾರು ಬೇಕಾದ್ರೂ ಓದಬಹುದು, ತಿದ್ದಿ ಕಳಿಸಬಹುದು."

"ಯಾರು ಬೇಕಾದ್ರೂನಾ?" ಹೆಡ್ ಕೇಳಿದ. "ಬೀದಿ ಬಾವಿಗೆ ಯಾರು ಬೇಕಾದ್ರೂ ಏನು ಬೇಕಾದ್ರೂ ಸುರೀಬಹುದು ಅಂದಹಾಗಾಯ್ತು."

"ಹಾಗಲ್ಲ. ಕಳಿಸಬಹುದು ಅಷ್ಟೆ. ಸೇರಿಸೋಕೆ ಮೊದಲು ಒಳಗಿನವರು ಇಬ್ಬರು ಓದಿ ಒಪ್ಪಬೇಕು. ಅದು ಅಲ್ಲಿನ ಕಟ್ಟುಪಾಡು."

ಪರದೆ ಯಾಕೆ ನಾಲ್ಕಕ್ಕೇ ಅಂಟಿಕೊಂಡಿತು ಎಂಬ ಪ್ರಶ್ನೆಗೆ ಅವಳಿಗೆ ಸಂಜೆಯವರೆಗೆ ಸಮಯ ಬೇಕಾಯಿತು. ಎರಡು ವರ್ಷದ ಹಿಂದೆ ಬೇರೊಂದು ಆಸ್ಪತ್ರೆಗೆ ಮಗ್ಗ ನೇಯ್ದುಕೊಟ್ಟಿದ್ದ ಇಂಥದೇ ಪ್ರೋಗ್ರಾಂ ಅವಳ ಬಳಿ ಇತ್ತು. ಅದನ್ನೂ ಈ ಆಸ್ಪತ್ರೆಗೆ ಕಳೆದ ಅಕ್ಟೋಬರ್‌ನಲ್ಲಿ ನೇಯ್ದದ್ದನ್ನೂ ಅಕ್ಕಪಕ್ಕ ಇಟ್ಟು ಸಾಲು ಸಾಲು ನೋಡಿದಳು. ಹಳೆಯದರಲ್ಲಿ 'ಉಷ್ಣತೆ ಕೇಳು' ಎಂಬ ಆಜ್ಞೆ ಒಂದರ ಕೆಳಗೊಂದು ಎರಡು ಸಲ ಇತ್ತು. ಹೊಸದರಲ್ಲಿ ಒಂದೇ ಸಲ.

"ಒಂದು ಸಲ ಕೇಳಿದ್ರೆ ಸಾಲದಾ?"

"ಈ ಫ್ರಿಜ್ ಒಳಗಿರೋ ಸಾಧನಕ್ಕೆ ಸಾಲದು. ಅದು ವಿದ್ಯುತ್ ಉಳಿಸೋಕೆ ಮಲಗಿರುತ್ತೆ. ಮಲಗಿದವರನ್ನ ಟೈಮೆಷ್ಟು ಅಂತ ಕೇಳಿ ನೋಡಿ. ಕಣ್ಣು ಬಿಡದೇನೇ ಏನೋ ಒಂದು ಹೇಳ್ತಾರೆ. ಇನ್ನೊಂದು ಸಲ ಕೇಳಿದ್ರೆ ಎದ್ದು ಗಡಿಯಾರ ನೋಡ್ತಾರೆ. ಇದೂ ಹಾಗೇ. ಮೊದಲನೇ ಸಲಕ್ಕೆ ಹಳೇ ಅಂಕಿ ಹೇಳುತ್ತೆ. ಎರಡನೇ ಸಲ ಕೇಳದೇ ಹೋದ್ರೆ ಅಳೆಯೋದೇ ಇಲ್ಲ, ಮತ್ತೆ ಮಲಗಿಬಿಡುತ್ತೆ."

"ಫ್ರಿಜ್ ಕೂರಿಸಿದ ದಿನ ಅಳೆದಿದ್ದು ನಾಲ್ಕು."

"ಹೂಂ. ಅವತ್ತಿಂದ ಅದೇ ನಾಲ್ಕು." ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ನಾನೂ ಓದಿ ನೋಡ್ಬೇಕಿತ್ತು ಮೇಡಂ. ಮಗ್ಗ ನೇಯ್ದಿದ್ದು ಅಂತ ಓದ್ಲಿಲ್ಲ."

ಆ ಸಾಲನ್ನು ಮಗ್ಗದ ಒಳಗಿನಿಂದ ಯಾರು ತೆಗೆದರು ಎಂಬುದು ಬಯಲಲ್ಲೇ ಬರೆದಿತ್ತು. ಕಳೆದ ಸೆಪ್ಟೆಂಬರ್ ಇಪ್ಪತ್ತಾರು. ತೆಗೆದವರು: ಗುಬ್ಬಿ. ಕಾರಣ: 'ಒಂದೇ ಸಾಲು ಎರಡು ಸಲ ಬಂದಿದೆ.' ಗುಬ್ಬಿ ಎಂಬುದು ಮಗ್ಗದಲ್ಲಿ ಅವನು ಇಟ್ಟುಕೊಂಡ ಹೆಸರು. ನಮ್ಮ ದೇಶದವನೇ ಅಂತೆ ಎಂದು ಪ್ರೋಗ್ರಾಂನವಳು ಕೇಳಿದ್ದಳು. ಆ ಹೆಮ್ಮೆಗೇ ಅವಳು ಮಗ್ಗ ಬಳಸಲು ಶುರು ಮಾಡಿದ್ದು. ಅಂದೇ ಅವಳು ಮಗ್ಗದವರಿಗೆ ವಿಷಯ ಬರೆದು ತಿಳಿಸಿದಳು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಮಗ್ಗದ ಹಿರಿಯನೊಬ್ಬ ವಿಡಿಯೊ ಕರೆಗೆ ಸಿಕ್ಕ. ಅಲ್ಲಿ ಅವನನ್ನು ಮೇಸ್ತ್ರಿ ಎನ್ನುತ್ತಾರೆ. ಹಿಂದೆ ಒಂದು ಗೋಡೆ, ಗೋಡೆಗೆ ಒರಗಿಸಿದ ಸೈಕಲ್. ಮುಖ ಬಿಳಚಿಕೊಂಡಿತ್ತು.

"ಗುಬ್ಬಿ ಕಳಿಸಿದ್ದನ್ನ ಓದಿ ಒಪ್ಪಿದ್ದು ಯಾರು?"

"ನಾನು. ಇನ್ನೊಬ್ಬರು ನಾನು ಒಪ್ಪಿದ್ದು ನೋಡಿ ಒಪ್ಪಿದ್ರು."

"ಓದಿದ್ರಾ?"

"ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತಿದೆ ಅನ್ನಿ. ಗುಬ್ಬಿ ಹದಿನೈದು ವರ್ಷದಿಂದ ಇದ್ದಾನೆ ಮೇಡಂ. ಮಗ್ಗದಲ್ಲಿ ಅವನ ಕೈ ತಾಗದ ಮೂಲೆ ಇಲ್ಲ. ಅದೂ ಅಲ್ದೆ ಆ ಎರಡನೇ ಸಾಲು ಹಾಕಿದ್ದೇ ಅವನು, ಆರು ವರ್ಷದ ಹಿಂದೆ. ಬೇಡ ಅಂತ ನಾನು ಜಗಳ ಆಡಿದ್ದೆ. ಮೂರು ವಾರ ಹಟ ಹಿಡಿದು ಹಾಕಿಸಿದ. ಅವನೇ ಹಾಕಿದ್ದು, ಅವನೇ ತೆಗೀತಿದ್ದಾನೆ, ಏನೋ ಗೊತ್ತಿದ್ದೇ ತೆಗೀತಿರ್ತಾನೆ ಅಂದ್ಕೊಂಡೆ."

"ಮೂರು ವಾರ ಹೊಡೆದಾಡಿ ಹಾಕಿಸಿದ್ದನ್ನ, ಎರಡು ಸಲ ಬಂದಿದೆ ಅಂತ ತೆಗೀತಾನಾ?"

"ನಾನೂ ರಾತ್ರಿಯಿಂದ ಅದನ್ನೇ ಯೋಚಿಸ್ತಿದ್ದೀನಿ. ಇವತ್ತು ಬೆಳಿಗ್ಗೆ ಅವನೇ ಆ ಸಾಲು ವಾಪಸ್ ಹಾಕಿದ. 'ನನ್ನಿಂದ ತಪ್ಪಾಯಿತು, ಕ್ಷಮಿಸಿ' ಅಂತ ಬರೆದ. ಅದೇ ನಂಗೆ ಸರಿ ಕಾಣ್ತಿಲ್ಲ ಮೇಡಂ. ಗುಬ್ಬಿ ಜನ್ಮದಲ್ಲಿ ತಪ್ಪಾಯಿತು ಅಂದವನಲ್ಲ."

"ಅವನ ಮುಖ ನೋಡಿದೀರಾ? ದನಿ?"

"ಇಲ್ಲ. ಇಲ್ಲಿ ಯಾರೂ ಯಾರ ಮುಖಾನೂ ಕೇಳಲ್ಲ. ಬರೆದಿದ್ದು ಚೆನ್ನಾಗಿದ್ರೆ ಆಯ್ತು."

ಕರೆ ಮುಗಿದ ಮೇಲೆ ಇನ್ಸ್‌ಪೆಕ್ಟರ್ ಮಗ್ಗದಲ್ಲಿ ಗುಬ್ಬಿಯ ಪುಟ ತೆಗೆದಳು. ವರ್ಷದ ಒಂದೊಂದು ದಿನಕ್ಕೂ ಒಂದೊಂದು ಪುಟ್ಟ ಚೌಕ. ಅಂದು ಏನಾದರೂ ಕಳಿಸಿದ್ದರೆ ಹಸಿರು, ಇಲ್ಲದಿದ್ದರೆ ಖಾಲಿ. ಹಳೆಯ ವರ್ಷಗಳಲ್ಲಿ ಹಸಿರಿನ ನಡುವೆ ಖಾಲಿಗಳಿದ್ದವು. ಜ್ವರ ಬಂದಿರಬಹುದು, ಊರಿಗೆ ಹೋಗಿರಬಹುದು, ಬೇಜಾರಾಗಿರಬಹುದು. ಕಳೆದ ವರ್ಷದ ಜನವರಿ ಕೊನೆಯಿಂದ ಈಚೆಗೆ ಒಂದೇ ಒಂದು ಖಾಲಿ ಇರಲಿಲ್ಲ. ಕೆಲಸದ ಬಗೆಯೂ ಬದಲಾಗಿತ್ತು. ಮೊದಲು ಪುಟಗಟ್ಟಲೆ ಬರೆಯುತ್ತಿದ್ದವನು ಈಗ ದಿನಕ್ಕೊಂದು ಕಾಗುಣಿತ ತಿದ್ದುತ್ತಿದ್ದ, ಹೆಚ್ಚಿನ ಚುಕ್ಕೆ ಒರೆಸುತ್ತಿದ್ದ.

"ಒಂದು ದಿನವೂ ರಜೆ ಹಾಕದ ಕಾನ್‌ಸ್ಟೇಬಲ್‌ನ ನೋಡಿದೀರೇನ್ರೀ?" ಅವಳು ಹೆಡ್‌ನನ್ನು ಕೇಳಿದಳು.

"ಒಬ್ಬ ಇದ್ದ ಮೇಡಂ, ಹಳೇ ಠಾಣೇಲಿ. ಆಮೇಲೆ ಗೊತ್ತಾಯ್ತು, ಅರ್ಧ ದಿನ ಅವನ ಬದಲು ಅವನ ತಮ್ಮ ಬರ್ತಿದ್ದ."

ಅವಳು ಚೌಕಗಳನ್ನೇ ನೋಡುತ್ತ ಕೂತಳು. ಬದುಕಿರುವವರು ಎಲ್ಲೋ ಒಂದು ದಿನ ತಪ್ಪಿಸುತ್ತಾರೆ. ಫೋನು ಬಂತು, ಅತ್ತಿಗೆ. "ಊಟ ಆಯ್ತಾ?" "ಆಯ್ತು ಅತ್ತಿಗೆ." ಆಗಿರಲಿಲ್ಲ.

ಹದಿನೆಂಟು, ಸೋಮವಾರ ಇಂಟರ್ನೆಟ್ ಕಂಪನಿಯಿಂದ ಉತ್ತರ ಬಂತು. ಗುಬ್ಬಿಯ ಸಂಪರ್ಕ ಮೂರು ಗಂಟೆ ಪ್ರಯಾಣದ ಇನ್ನೊಂದು ಊರಿನ ಒಂದು ಮನೆಯದು. ಒಬ್ಬ ಗಂಡಸಿನ ಹೆಸರಿನಲ್ಲಿತ್ತು. ಹೆಡ್ ಆ ಊರಿನ ಜನನ ಮರಣ ಕಚೇರಿಗೆ ಫೋನ್ ಹಚ್ಚಿ ಅರ್ಧ ಗಂಟೆ ಹೆಣಗಿದ. ಫೋನ್ ಇಟ್ಟು, ಬರೆದುಕೊಂಡ ಚೀಟಿ ಹಿಡಿದು ಇನ್ಸ್‌ಪೆಕ್ಟರ್ ಬಳಿ ಬಂದ.

"ಕಳೆದ ವರ್ಷ ಜನವರಿ ಹದಿನೇಳಕ್ಕೆ ಹೋಗಿದ್ದಾನೆ ಮೇಡಂ. ಹೃದಯಾಘಾತ. ಸಾಲು ಅಳಿಸಿದ್ದು ಸೆಪ್ಟೆಂಬರ್‌ನಲ್ಲಿ. ಸತ್ತವನ ಮೇಲೆ ವಾರಂಟ್ ತಗೊಳ್ಳೋಕೆ ಬರುತ್ತಾ?"

"ಮನೇಲಿ ಇನ್ಯಾರಿದ್ದಾರೆ?"

"ಹೆಂಡತಿ ಒಬ್ರೇ. ಪೇಪರ್ ಆಫೀಸಲ್ಲಿ ಪ್ರೂಫ್ ರೀಡರ್."

ಮಂಗಳವಾರ, ಹತ್ತೊಂಬತ್ತು. ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಸೇರಿ ಮೂವರೂ ಬೆಳಿಗ್ಗೆ ಬೇಗ ಹೊರಟು ಹತ್ತು ಗಂಟೆಗೆ ಆ ಮನೆ ತಲುಪಿದರು. ಎರಡನೇ ಮಹಡಿ, ಕಿರಿದಾದ ಮೆಟ್ಟಿಲು. ಬಾಗಿಲು ತೆಗೆದವಳಿಗೆ ನಲವತ್ತೈದರ ಹತ್ತಿರ. ಎಡಗೈಯ ಎರಡು ಬೆರಳಿಗೆ ಕೆಂಪು ಶಾಯಿ.

"ಗುಬ್ಬಿ ಅನ್ನೋರ ಮನೆ ಇದೇನಾ?"

ಆಕೆಯ ಮುಖದಲ್ಲಿ ಮೊದಲು ಬಂದದ್ದು ಹೆದರಿಕೆಯಲ್ಲ, ಖುಷಿ. ಆ ಹೆಸರನ್ನು ಯಾರಾದರೂ ಬಾಯಿಬಿಟ್ಟು ಕರೆದು ಎಷ್ಟು ಕಾಲವಾಗಿತ್ತೋ. ಆಮೇಲೆ ಸಮವಸ್ತ್ರ ಕಣ್ಣಿಗೆ ಬಿತ್ತು.

"ಹೌದು. ಬನ್ನಿ."

"ಇದ್ದಾರಾ?"

"ಇಲ್ಲ. ನಿಮಗೆ ಗೊತ್ತಿದ್ದೇ ಬಂದಿದೀರಿ."

ಕೋಣೆಯಲ್ಲಿ ಒಂದು ಮೇಜು, ಎದುರುಬದುರು ಎರಡು ಕುರ್ಚಿ. ಒಂದರ ಮುಂದೆ ನಾಳಿನ ಪುರವಣಿಯ ಕರಡು ಹಾಳೆಗಳು, ಕೆಂಪು ಪೆನ್ನು. ಇನ್ನೊಂದರ ಮುಂದೆ ತೆರೆದ ಲ್ಯಾಪ್‌ಟಾಪ್. ಆ ಕುರ್ಚಿಯ ಬೆನ್ನಿಗೆ ಗಂಡಸಿನ ಸ್ವೆಟರ್ ಹಾಕಿತ್ತು. ಆಕೆ ಅದನ್ನು ತೆಗೆದು ಮಡಚಿ, ಇನ್ಸ್‌ಪೆಕ್ಟರ್‌ಗೆ ಕೂರಲು ಹೇಳಿದಳು.

"ಅವರ ಹೆಸರಲ್ಲಿ ದಿನಾ ಕಳಿಸ್ತಿರೋದು ಯಾರು?"

"ನಾನೇ."

"ಪ್ರೋಗ್ರಾಂ ಬರೆಯೋಕೆ ಬರುತ್ತಾ?"

"ಬರಲ್ಲ. ತಿದ್ದೋಕೆ ಬರುತ್ತೆ."

"ಯಾವಾಗಿಂದ?"

"ಅವರು ಬಸ್ಸಲ್ಲಿ ಕೂತಲ್ಲೇ ಹೋದ್ರು. ಒಂದು ವಾರ ಬಿಟ್ಟು ಇದನ್ನ ತೆಗೆದೆ, ಅಲ್ಲಿಯವರಿಗೆ ವಿಷಯ ತಿಳಿಸೋಣ ಅಂತ. ಯಾರೋ ಕೇಳಿದ್ರು, ಗುಬ್ಬಿ ಕಾಣ್ಲೇ ಇಲ್ಲ, ಹುಷಾರಾಗಿದ್ದೀಯಾ ಅಂತ. ಉತ್ತರ ಬರೆದೆ. ಓದಿದೆ. ಅಳಿಸಿದೆ. ಪಕ್ಕದಲ್ಲೇ ಅವರು ಬರೆದಿದ್ದರಲ್ಲಿ ಒಂದು ಅಕ್ಷರ ತಪ್ಪಿತ್ತು. ಅದನ್ನ ಸರಿ ಮಾಡಿ ಕಳಿಸಿದೆ. ಥ್ಯಾಂಕ್ಸ್ ಗುಬ್ಬಿ ಅಂತ ಬಂತು."

ಆಕೆ ಮಡಚಿದ ಸ್ವೆಟರನ್ನು ಬಿಚ್ಚಿ ಮತ್ತೆ ಮಡಚಿದಳು.

"ಮಾರನೇ ದಿನಾನೂ ಒಂದು ಹುಡುಕಿದೆ. ಇಲ್ಲಿ ಎಲ್ಲರಿಗೂ ಅವರು ಸತ್ತಿದ್ರು. ಅಲ್ಲಿ ಯಾರಿಗೂ ಸತ್ತಿರ್ಲಿಲ್ಲ ಮೇಡಂ. ದಿನಕ್ಕೊಂದು ತಪ್ಪು ಸಿಕ್ಕಿದ್ರೆ ಸಾಕಿತ್ತು."

"ಸೆಪ್ಟೆಂಬರ್ ಇಪ್ಪತ್ತಾರು?"

"ಅವತ್ತು ಎಷ್ಟು ಹುಡುಕಿದ್ರೂ ಒಂದೂ ಸಿಗ್ಲಿಲ್ಲ. ಕೊನೆಗೆ ಒಂದೇ ಸಾಲು ಎರಡು ಸಲ ಬಂದಿದ್ದು ಕಂಡಿತು. ಪೇಪರಲ್ಲಿ ಹಾಗೆ ಬಂದ್ರೆ ಒಂದನ್ನ ಹೊಡೀತೀವಿ. ಅಕ್ಷರ ಕೂಡ್ಸೋವಾಗ ಆಗೋ ತಪ್ಪು ಅದು. ಇಪ್ಪತ್ತು ವರ್ಷದಿಂದ ಹೊಡೀತಾ ಬಂದಿದೀನಿ."

"ಆ ಸಾಲು ನಿಮ್ಮ ಮನೆಯವರೇ ಹಟ ಮಾಡಿ ಹಾಕ್ಸಿದ್ದು."

ಇದು ಆಕೆಗೆ ಗೊತ್ತಿರಲಿಲ್ಲ. ಸ್ವೆಟರನ್ನು ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು.

ಇನ್ಸ್‌ಪೆಕ್ಟರ್ ನಿಲ್ಲಿಸಲಿಲ್ಲ. ನಿಲ್ಲಿಸುವುದು ಅವಳ ಕೆಲಸವೂ ಅಲ್ಲ. "ಬುಧವಾರದ ಪೇಪರಲ್ಲಿ ಟೆಕ್ನೀಷಿಯನ್ ಬಂಧನ ಅಂತ ಸುದ್ದಿ ಬಂತು. ಓದಿದ್ರಾ?"

"ಪ್ರೂಫ್ ನೋಡಿದ್ದೇ ನಾನು. ಆಗ ಗೊತ್ತಿರ್ಲಿಲ್ಲ. ಗುರುವಾರ ಬೆಳಿಗ್ಗೆ ಮಗ್ಗದಲ್ಲಿ ಯಾರೋ ಬರೆದಿದ್ರು, ಈ ಸಾಲು ಹೋಗಿದ್ದಕ್ಕೆ ಒಂದು ಆಸ್ಪತ್ರೇಲಿ ಹೀಗಾಯ್ತು ಅಂತ. ಎರಡೂ ಒಂದೇ ಅಂತ ಆಗ ಗೊತ್ತಾಯ್ತು. ಸಾಲು ವಾಪಸ್ ಹಾಕಿದೆ."

"ಶುಕ್ರವಾರ ಮತ್ತೆ ಒಂದು ತಿದ್ದಿ ಕಳಿಸಿದ್ರಿ. ಶನಿವಾರ, ಭಾನುವಾರ, ನಿನ್ನೆ."

"ಕಳಿಸಿದೆ."

"ಆ ಟೆಕ್ನೀಷಿಯನ್ ಒಳಗಿದ್ದ. ಅವನ ಅಕ್ಕ ದಿನಾ ಬಂದು ನಮ್ಮ ಬೆಂಚ್ ಮೇಲೆ ಕೂರ್ತಿದ್ದಾಳೆ. ಆ ಮಗುಗೆ ಇನ್ನೂ ಒಂಬತ್ತು ದಿನ. ಬಂದು ಒಂದು ಮಾತು ಹೇಳ್ಬಹುದಿತ್ತಲ್ಲ."

ಆಕೆ ಲ್ಯಾಪ್‌ಟಾಪ್ ಕಡೆ ನೋಡಿದಳು.

"ಬಂದು ಹೇಳಿದ್ರೆ, ಅವರು ಸತ್ತಿದ್ದೂ ಹೇಳ್ಬೇಕಾಗ್ತಿತ್ತಲ್ಲ ಮೇಡಂ," ಎಂದಳು.

ಹನ್ನೊಂದೂ ಹತ್ತಕ್ಕೆ ಬಂಧನದ ಕಾರಣ ಓದಿ ಹೇಳಲಾಯಿತು: ಮೃತನ ಹೆಸರಿನಲ್ಲಿ ನಟಿಸಿ ಪ್ರೋಗ್ರಾಂ ತಿದ್ದಿದ್ದು, ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದದ್ದು, ತಿಳಿದೂ ಮುಚ್ಚಿಟ್ಟದ್ದು. ಕೆಳಗಿನ ಮನೆಯವರು ಪಂಚರಾಗಿ ಬಂದರು. ಹೆಡ್ ಲ್ಯಾಪ್‌ಟಾಪ್ ಮುಚ್ಚಿ ಬಟ್ಟೆಯಲ್ಲಿ ಸುತ್ತಿ ಅರಗು ಹಾಕಲು ಹೊರಟಾಗ ಆಕೆ ಮೊದಲ ಸಲ ದನಿ ಏರಿಸಿದಳು.

"ಒಂದು ನಿಮಿಷ. ಇವತ್ತಿಂದು ಇನ್ನೂ ಹಾಕಿಲ್ಲ. ಒಂದೇ ಒಂದು. ರಾತ್ರೀನೇ ಹುಡುಕಿಟ್ಟಿದೀನಿ, ಒಂದು ಕೊಂಬು ಬಿಟ್ಟುಹೋಗಿದೆ."

ಹೆಡ್ ಕೈ ತಡೆದು ಇನ್ಸ್‌ಪೆಕ್ಟರ್ ಮುಖ ನೋಡಿದ. ಇಪ್ಪತ್ತೆಂಟು ವರ್ಷದ ಸರ್ವೀಸಿನ ಅವನ ಗಡಸು ಮುಖ ಈಗ ಬೇಡಿಕೊಳ್ಳುವಂತಿತ್ತು.

"ಇಲ್ಲ. ಸಾಕ್ಷ್ಯ ಅದು, ಮುಟ್ಟೋ ಹಾಗಿಲ್ಲ," ಎಂದಳು ಇನ್ಸ್‌ಪೆಕ್ಟರ್.

ಅರಗು ಬಿತ್ತು. ಆಕೆ ಎದ್ದು ಗ್ಯಾಸ್ ಆಫ್ ಮಾಡಿದಳು, ಕಿಟಕಿ ಹಾಕಿದಳು, ಕರಡು ಹಾಳೆಗಳನ್ನು ಆಫೀಸಿಗೆ ತಲುಪಿಸಿ ಎಂದು ಕೆಳಗಿನ ಮನೆಯವರ ಕೈಗೆ ಕೊಟ್ಟಳು. ಅದರಲ್ಲಿ ಒಂದೂ ತಪ್ಪು ಉಳಿದಿರಲಿಲ್ಲ.

ವಾಪಸ್ ಬರುವಾಗ ಹೆಡ್ ಜೀಪು ಓಡಿಸುತ್ತಿದ್ದ. ಒಂದೂವರೆಗೆ ಫೋನು ಬಂತು.

"ಊಟ ಆಯ್ತಾ?"

"ಆಯ್ತು ಅತ್ತಿಗೆ."

"ಆಗಿಲ್ಲವಲ್ಲ," ಎಂದಳು ಪಕ್ಕದಲ್ಲಿ ಕೂತಿದ್ದ ಪ್ರೂಫ್ ರೀಡರ್, ಹೊರಗೆ ನೋಡುತ್ತಲೇ. ಬೇಕೆಂದು ಹೇಳಿದ್ದಲ್ಲ, ತಪ್ಪು ಕಿವಿಗೆ ಬಿತ್ತು, ತಿದ್ದಿದಳು ಅಷ್ಟೆ.

ಆ ಕಡೆ ಅತ್ತಿಗೆಗೂ ಅದು ಕೇಳಿಸಿತು. ಆಮೇಲೆ ಮೆಲ್ಲಗೆ, "ಆಯ್ತಾ?" ಎಂದು ಮತ್ತೆ ಕೇಳಿದಳು.

"ಇಲ್ಲ," ಎಂದಳು ಇನ್ಸ್‌ಪೆಕ್ಟರ್. ಎರಡು ತಿಂಗಳಲ್ಲಿ ಮೊದಲ ಸಲ ಅವಳಿಗೆ ಹಸಿವೆ ಎನಿಸಿತು, ಅಣ್ಣ ಇಲ್ಲ ಎಂದೂ ಎನಿಸಿತು. ಹೆಡ್ ಏನೂ ಕೇಳದೆ ಮುಂದೆ ಸಿಕ್ಕ ಹೋಟೆಲ್ ಹತ್ತಿರ ಜೀಪು ನಿಲ್ಲಿಸಿದ.

ಬುಧವಾರ ಬೆಳಿಗ್ಗೆ ಟೆಕ್ನೀಷಿಯನ್‌ಗೆ ಜಾಮೀನಾಯಿತು, ಪೊಲೀಸರು ಆಕ್ಷೇಪಿಸಲಿಲ್ಲ. ಮುಖ್ಯ ಆರೋಪದಿಂದ ಅವನ ಹೆಸರು ಬಿಡಲು ಇನ್ಸ್‌ಪೆಕ್ಟರ್ ವರದಿ ಬರೆದಳು. ಅಕ್ಕನ ಜೊತೆ ಠಾಣೆಗೆ ಬಂದು ನಿಂತವನ ಮೈಮೇಲೆ ಆ ಒಗೆದ ಅಂಗಿ ಇತ್ತು. "ಆ ಥರ್ಮಾಮೀಟರ್ ನಾನು ನೋಡ್ಬೇಕಿತ್ತು ಮೇಡಂ," ಎಂದ. ಅವಳು ಸುಳ್ಳು ಸಮಾಧಾನ ಹೇಳಲಿಲ್ಲ. "ಹೌದು, ನೋಡ್ಬೇಕಿತ್ತು," ಎಂದಳು. ಅಕ್ಕ ತಮ್ಮನ ತೋಳು ಹಿಡಿದು ಕರೆದುಕೊಂಡು ಹೋದಳು.

ಹೆಡ್ ಕಡತ ಹಿಡಿದು ಬಂದ. "ಉದ್ದೇಶ ಅಂತ ಒಂದು ಕಡೆ ಬರೀಬೇಕು ಮೇಡಂ. ದುಡ್ಡಲ್ಲ, ದ್ವೇಷ ಅಲ್ಲ. ಏನ್ ಬರೀಲಿ?"

"ಗಂಡ ತೀರಿಕೊಂಡದ್ದನ್ನು ಹೇಳಲಾರದೆ."

ಅವನು ಹಾಗೇ ಬರೆದ.

ಹನ್ನೆರಡಕ್ಕೆ ಆಕೆಯನ್ನು ನ್ಯಾಯಾಲಯಕ್ಕೆ ಕರೆದೊಯ್ಯಬೇಕಿತ್ತು. ಗುಬ್ಬಿ ತೀರಿಕೊಂಡದ್ದನ್ನು ಹಿಂದಿನ ರಾತ್ರಿ ಠಾಣೆಯಿಂದ ಮೇಸ್ತ್ರಿಗೆ ತಿಳಿಸಿದ್ದರು, ಬೆಳಿಗ್ಗೆ ಅವನಿಂದ ಒಂದು ಪತ್ರ ಬಂದಿತ್ತು. ಗುಬ್ಬಿಯ ಪುಟದಲ್ಲಿ ನಿನ್ನೆಯ ಚೌಕ ಖಾಲಿ ಕಂಡು ಜನ ಕೇಳತೊಡಗಿದ್ದರು. ಎಲ್ಲರಿಗೂ ತಿಳಿಸಲು ನಾಲ್ಕು ಸಾಲು ಬರೆದಿದ್ದೇನೆ, ತನಿಖೆಗೆ ತೊಂದರೆಯಾಗುವುದಾದರೆ ಹೇಳಿ ಎಂದಿದ್ದ. ಇನ್ಸ್‌ಪೆಕ್ಟರ್ ಅದನ್ನು ಪ್ರಿಂಟ್ ತೆಗೆದು ಲಾಕಪ್ಪಿನ ಕಂಬಿಯ ನಡುವೆ ಕೊಟ್ಟಳು.

"ನೀವು ಒಂದು ಸಲ ನೋಡಿಬಿಡಿ."

ಆಕೆ ಹಾಳೆಯನ್ನು ಬೆಳಕಿಗೆ ಹಿಡಿದಳು. 'ನಮ್ಮ ಗುಬ್ಬಿ ಈಚೆಗೆ ತೀರಿಕೊಂಡರು' ಎಂದು ಶುರುವಾಗುತ್ತಿತ್ತು. ಒಂದೊಂದು ಪದದ ಕೆಳಗೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ಕೊನೆಯವರೆಗೆ ಓದಿದಳು. ಮತ್ತೆ ಮೊದಲಿಂದ ಓದಿದಳು.

"ಕೆಂಪು ಪೆನ್ ಇದೆಯಾ?"

ಹೆಡ್ ಜೇಬಿನಿಂದ ತನ್ನದನ್ನು ಕೊಟ್ಟ. ಆಕೆ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು 'ಈಚೆಗೆ' ಎಂಬುದನ್ನು ಒಂದೇ ಗೆರೆಯಲ್ಲಿ ಹೊಡೆದಳು. ಅಂಚಿನಲ್ಲಿ ದುಂಡಗೆ ಬರೆದಳು: 'ಕಳೆದ ವರ್ಷ ಜನವರಿ ಹದಿನೇಳರಂದು'. ಬರೆದ ಮೇಲೆ ಪೆನ್ನಿನ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, ಹಾಳೆಯ ಜೊತೆ ವಾಪಸ್ ಕೊಟ್ಟಳು.

"ಈಗ ಸರಿಯಾಗಿದೆ," ಎಂದಳು. "ಇನ್ನು ಅಚ್ಚಿಗೆ ಕಳಿಸಬಹುದು."